ಅಲಂಕಾರ ಎರಡು ಎಂದು ನಾನಿಟ್ಟ ಹೆಸರು

ಕುಮಟೆಯ ಒಂದು ಆಸ್ಪತ್ರೆಯ ದಾಖಲೆ ವಿಭಾಗದಿಂದ ನಾನು ಕಳೆದ ವರ್ಷ ನಿವೃತ್ತನಾದೆ. ಬೇರೆಯವರು ಬರೆದುಕೊಟ್ಟದ್ದನ್ನು ಓದುವ ಹಾಗೆ ಕಾಗದಕ್ಕೆ ಇಳಿಸುವುದು ನನ್ನ ಕೆಲಸವಾಗಿತ್ತು. ಈಗ ಅಂಥ ಕೆಲಸಕ್ಕೆ ಸೇರುತ್ತಿರುವವರು ನನಗಿಂತ ಹೆಚ್ಚು ಕಲಿತವರು, ಬೆರಳೂ ನನಗಿಂತ ಚುರುಕು. ನಿಮಗೆ ಕಲಿಸುವಂಥದ್ದು ನನ್ನಲ್ಲಿ ಹೆಚ್ಚೇನೂ ಇಲ್ಲ. ನಾನು ಮಾಡಿದ ಒಂದು ತಪ್ಪು ಇದೆ, ಅದನ್ನು ಹೇಳಬೇಕು. ಅದಕ್ಕೆ ಮೊದಲು ಆ ತಪ್ಪಿನವರೆಗೆ ಬಂದ ದಾರಿಯನ್ನು ಸ್ವಲ್ಪ ಹೇಳುತ್ತೇನೆ.

ನನ್ನ ಊರು ಕುಮಟೆಯಿಂದ ಯಾಣಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಓದು ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಭಟ್ಕಳದ ಒಂದು ಟೈಪಿಂಗ್ ಅಂಗಡಿಗೆ. ಮಾಲಕರು ಇಸ್ಮಾಯಿಲ್ ಸಾಹೇಬರು. ಮನೆಯಲ್ಲಿ ನವಾಯತಿ ಮಾತು, ಗಿರಾಕಿಗಳ ಹತ್ತಿರ ಉರ್ದು, ನನ್ನ ಹತ್ತಿರ ಕನ್ನಡ. ನಾನು ಒಂದು ಅರ್ಜಿ ಟೈಪ್ ಮಾಡಿ ಮುಗಿಸಿದರೆ ಅವರು ಅದನ್ನು ನೋಡುತ್ತಿರಲಿಲ್ಲ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿ, "ಓದು. ಮೊದ್ಲು ತಲೆಬರಹ ಮಾತ್ರ ಓದು" ಅನ್ನುತ್ತಿದ್ದರು. ವಿಷಯ, ಕಾರಣ, ಕೋರಿಕೆ. ಅಷ್ಟು ಕೇಳಿದಾಗ ಅರ್ಜಿಯ ಒಟ್ಟು ಅರ್ಥ ಗೊತ್ತಾಗದಿದ್ದರೆ ಕಾಗದ ವಾಪಸು.

"ಓದುವವ್ರಿಗೆ ಪುರಸೊತ್ತಿಲ್ಲ ಭಟ್ರೆ. ಎಲ್ಲಿ ಎಂತ ಉಂಟು ಅಂತ ಅವ್ರಿಗೆ ಮೊದ್ಲೇ ಗೊತ್ತಾಗ್ಬೇಕು" ಅನ್ನುತ್ತಿದ್ದರು.

ಆಗ ನನಗೆ ಇದು ಮುದುಕರ ಹಟ ಅನಿಸುತ್ತಿತ್ತು. ಕಣ್ಣು ಮುಚ್ಚಿ ಕಾಗದ ಪರೀಕ್ಷೆ ಮಾಡುವ ಇನ್ನೊಬ್ಬ ಮೇಲಿನವರನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ಅಲ್ಲಿಂದ ಹೊನ್ನಾವರದ ಒಂದು ಮುದ್ರಣಾಲಯಕ್ಕೆ ಹೋದೆ. ಅಷ್ಟರಲ್ಲಿ ಕಂಪ್ಯೂಟರ್ ಬಂದಿತ್ತು. ಅದರಲ್ಲಿ ಸ್ಟೈಲ್ ಎಂಬ ಸೌಲಭ್ಯವಿದೆ ಎಂದು ಯಾರೋ ತೋರಿಸಿಕೊಟ್ಟರು. ಒಂದು ಪ್ಯಾರಾ ಬರೆದಾಗ ಅದಕ್ಕೊಂದು ಹೆಸರು ಕೊಡಬಹುದು: ಇದು ಮುಖ್ಯ ಶೀರ್ಷಿಕೆ, ಇದು ಉಪಶೀರ್ಷಿಕೆ, ಇದು ಸಾಮಾನ್ಯ ಬರಹ. ಆ ಹೆಸರಿಗೆ ಬಣ್ಣ, ಗಾತ್ರ, ಗೆರೆ ಎಲ್ಲವನ್ನೂ ಅಂಟಿಸಿಟ್ಟರೆ ಮುಂದೆ ಹೆಸರು ಒತ್ತಿದರೆ ಸಾಕು, ಪ್ಯಾರಾ ಆ ರೂಪಕ್ಕೆ ಬಂದು ನಿಲ್ಲುತ್ತದೆ. ನಮಗದು ಕೈಕೆಲಸ ಉಳಿಸುವ ಉಪಾಯವಾಗಿ ಮಾತ್ರ ಕಂಡಿತು. ಹೆಸರಿನ ಕಡೆ ಯಾರ ಲಕ್ಷ್ಯವೂ ಇರಲಿಲ್ಲ. ನನ್ನ ಪಟ್ಟಿಯಲ್ಲಿ "ಹೊಸದು", "ಹೊಸದು ಹೊಸದು", "ಇದೇ ಸರಿ", "ದಪ್ಪ ನೀಲಿ", "ಸ್ಟೈಲ್ 7" ಎಂಬ ಹೆಸರುಗಳಿದ್ದವು.

ಒಮ್ಮೆ ಒಂದು ಮೀನುಗಾರರ ಸಂಘದ ವಾರ್ಷಿಕ ಪುಸ್ತಕದಲ್ಲಿ ಅಧ್ಯಾಯಗಳ ತಲೆಬರಹಕ್ಕೂ ತೀರಿಹೋದ ಸದಸ್ಯರ ಹೆಸರುಗಳಿಗೂ "ಸ್ಟೈಲ್ 7" ಹಾಕಿದ್ದೆ. ಎರಡೂ ದಪ್ಪಕ್ಷರ, ಎರಡೂ ನಡುವಿಗೆ, ನೋಡಲು ಒಂದೇ. ಸಂಘದ ಅಧ್ಯಕ್ಷರು ತಲೆಬರಹ ಇನ್ನೂ ದೊಡ್ಡದಾಗಲಿ, ಕೇಸರಿ ಬಣ್ಣದಲ್ಲಿ ಬರಲಿ ಅಂದರು. ನಾನು "ಸ್ಟೈಲ್ 7" ಬದಲಾಯಿಸಿ ಮುದ್ರಣಕ್ಕೆ ಬಿಟ್ಟೆ. ಸತ್ತವರ ಹೆಸರುಗಳೆಲ್ಲ ದೊಡ್ಡ ಕೇಸರಿ ಅಕ್ಷರದಲ್ಲಿ, ಹಬ್ಬದ ಶುಭಾಶಯದ ಹಾಗೆ, ಅಚ್ಚಾಗಿ ಬಂದವು. ಸಮುದ್ರದಲ್ಲಿ ಮಗನನ್ನು ಕಳಕೊಂಡ ಒಬ್ಬ ತಾಯಿ ಆ ಪುಟ ಹಿಡಿದುಕೊಂಡು ಮುದ್ರಣಾಲಯದ ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ. "ಇದೆಂತಕ್ಕೆ ಹಿಂಗೆ ಮಾಡಿದ್ರಿ?" ಎಂದು ಕೇಳಿದರು, ಅಷ್ಟೇ.

ಅಲ್ಲೇ ನಾನು ಪಾಠ ಕಲಿಯಬೇಕಿತ್ತು. ಕಲಿತದ್ದು ಬೇರೆ ಪಾಠ: ಮುದ್ರಣಕ್ಕೆ ಮೊದಲು ಕಣ್ಣಲ್ಲಿ ಎರಡು ಸಲ ನೋಡಬೇಕು ಎಂದು.

ಕುಮಟೆಯ ಆಸ್ಪತ್ರೆಗೆ ಸೇರುವಾಗ ನನಗೆ ಮದುವೆಯಾಗಿ ಕೆಲವು ವರ್ಷ ಆಗಿತ್ತು. ಆಸ್ಪತ್ರೆ ಒಂದು ಟ್ರಸ್ಟಿನದ್ದು, ಭಟ್ಕಳದಲ್ಲೂ ಅದರ ಚಿಕಿತ್ಸಾಲಯವಿತ್ತು. ನಮ್ಮ ಆಡಳಿತಾಧಿಕಾರಿ ನಾಯಕರು ಅಚ್ಚುಕಟ್ಟಿನ ಮನುಷ್ಯ. ಮನೆಗೆ ಹೋಗುವಾಗ ರೋಗಿಗೆ ಕೊಡುವ ಬಿಡುಗಡೆ ಪತ್ರದ ಬಗ್ಗೆ ಅವರಿಗೆ ಬಹಳ ಆಸ್ಥೆ. "ಕೈಗೆ ಕೊಟ್ರೆ ಮದುವೆ ಕಾಗದ ಕೊಟ್ಟಾಂಗೆ ಇರ್ಬೇಕು" ಅನ್ನುತ್ತಿದ್ದರು. ನಾನು ಆ ಪತ್ರದ ನಮೂನೆ ಮಾಡಿದೆ. ಮೇಲೆ ಆಸ್ಪತ್ರೆಯ ಹೆಸರು ಹಸಿರು ಬಣ್ಣದಲ್ಲಿ, ಆ ಸ್ಟೈಲಿಗೆ "ಅಲಂಕಾರ 1" ಎಂದು ಹೆಸರಿಟ್ಟೆ. ಕೊನೆಯಲ್ಲಿ "ಶೀಘ್ರ ಗುಣಮುಖರಾಗಿ" ಎಂಬ ಸಾಲು ಕೆಂಪು ಪೆಟ್ಟಿಗೆಯೊಳಗೆ, ಅದಕ್ಕೆ "ಅಲಂಕಾರ 2".

ಆಮೇಲೊಂದು ದಿನ ಹೃದ್ರೋಗ ವಿಭಾಗದ ಡಾಕ್ಟರ್ ಶೈಲಜಾ ನನ್ನ ಮೇಜಿನ ಹತ್ತಿರ ಬಂದರು. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಸಾಮಾನ್ಯ ನೋವಿನ ಮಾತ್ರೆ ತಿಂದರೆ ಹೊಟ್ಟೆಯೊಳಗೆ ರಕ್ತ ಸೋರಿ ಸಾಯಬಹುದು, ಜನರಿಗೆ ಎಷ್ಟು ಹೇಳಿದರೂ ಮರೆಯುತ್ತಾರೆ ಎಂದರು.

"ಕೊಡಬೇಕಾದ ಮಾತ್ರೆಗಳ ಕೆಳಗೇ ಕೊಡಬಾರದ್ದನ್ನೂ ಬರೀರಿ. ತಲೆಬರಹ ಕಣ್ಣಿಗೆ ಹೊಡೆಯೋ ಹಾಗಿರಲಿ."

ಕಣ್ಣಿಗೆ ಹೊಡೆಯುವಂಥದ್ದು ನನ್ನ ಹತ್ತಿರ ಸಿದ್ಧವಾಗಿಯೇ ಇತ್ತು. "ಈ ಮಾತ್ರೆಗಳನ್ನು ಯಾವ ಕಾರಣಕ್ಕೂ ಕೊಡಬಾರದು" ಎಂದು ಬರೆದು "ಅಲಂಕಾರ 2" ಒತ್ತಿದೆ. ಸಾಲು ಕೆಂಪು ಪೆಟ್ಟಿಗೆಯೊಳಗೆ ಹೋಗಿ ಕೂತಿತು. ಡಾಕ್ಟರು ಮೆಚ್ಚಿದರು, ನರ್ಸುಗಳೂ ಮೆಚ್ಚಿದರು. ಅಂದಿನಿಂದ ವಾರ್ಡಿನಲ್ಲಿ ಎಲ್ಲರೂ ರೋಗಿಗಳಿಗೆ "ಕೆಂಪು ಪೆಟ್ಟಿಗೆ ನೋಡ್ಕೊಳ್ಳಿ" ಎಂದು ಹೇಳಿ ಕಳಿಸತೊಡಗಿದರು.

ಒಂದೆರಡು ವರ್ಷಗಳ ಮೇಲೆ ಬಿಡುಗಡೆ ಪತ್ರವನ್ನು ಫೋನಿಗೂ ಕಳಿಸಬೇಕೆಂದು ಆಯಿತು. ಅದನ್ನು ಅಳವಡಿಸಲು ಹುಬ್ಬಳ್ಳಿಯಿಂದ ಒಬ್ಬ ಇಂಜಿನಿಯರ್ ಬಂದರು. ನಮ್ಮ ನಮೂನೆಯನ್ನು ತೆರೆದು, ಸ್ಟೈಲುಗಳ ಹೆಸರಿನ ಪಟ್ಟಿ ಮುಂದಿಟ್ಟುಕೊಂಡು ನನ್ನನ್ನು ಕೇಳಿದರು.

"ಫೋನಿನ ಪರದೆ ಸಣ್ಣದು. ಬೇಡದ್ದನ್ನು ತೆಗೆದುಹಾಕಿ ಬರೀ ವಿಷಯ ಕಳಿಸೋಣ. ಕಣ್ಣು ಕಾಣದವರ ಫೋನು ಓದಿ ಹೇಳುವುದಕ್ಕೂ ಸಲೀಸಾಗ್ತದೆ. ಇದರಲ್ಲಿ ಯಾವುದನ್ನು ಬಿಡಬಹುದು?"

ನಾನು ಪಟ್ಟಿಯನ್ನು ನೋಡಿದೆ. ಪತ್ರವನ್ನು ನೋಡಲಿಲ್ಲ, ಹೆಸರುಗಳ ಪಟ್ಟಿಯನ್ನಷ್ಟೇ ನೋಡಿದೆ.

"ಅಲಂಕಾರ ಅಂತ ಇದ್ದದ್ದನ್ನೆಲ್ಲ ಬಿಡಬಹುದು" ಅಂದೆ.

ಅವರು ಹಾಗೆಯೇ ಬರೆದುಕೊಂಡರು. ಪ್ರಯೋಗಕ್ಕೆಂದು ಹೆರಿಗೆ ವಾರ್ಡಿನ ಒಂದು ಪತ್ರ ಕಳಿಸಿ ನೋಡಿದೆವು. ಅದರಲ್ಲಿ ಕೊಡಬಾರದ ಮಾತ್ರೆಗಳ ಪಟ್ಟಿಯೇ ಇರಲಿಲ್ಲ. ಎಲ್ಲ ಸರಿಯಾಗಿ ಬಂತು. ಚಹಾ ಕುಡಿದು ಅವರು ಸಂಜೆಯ ಬಸ್ಸು ಹಿಡಿದರು.

ಅದಾಗಿ ಕೆಲವು ವಾರಗಳಿಗೆ ಮಂಕಿ ಎಂಬ ಊರಿನ ಮಂಜುನಾಥ ನಮ್ಮಲ್ಲಿಗೆ ಬಂದ. ಮೀನುಗಾರಿಕೆ ಬೋಟಿನ ಇಂಜಿನ್ ನೋಡಿಕೊಳ್ಳುತ್ತಿದ್ದವನು, ನಲವತ್ತು ದಾಟಿರಲಿಲ್ಲ. ಮಂಗಳೂರಿನಲ್ಲಿ ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ, ಮುಂದಿನ ಆರೈಕೆಗೆಂದು ನಮ್ಮಲ್ಲಿ ಒಂದು ವಾರ ಇದ್ದ. ಅವನ ಹೆಂಡತಿ ದೇವಕಿ ಹುಟ್ಟಿನಿಂದ ಕಣ್ಣು ಕಾಣದವಳು. ಅಂಧರ ಶಾಲೆಯಲ್ಲಿ ಕಲಿತವಳು, ಮನೆಯ ಎಲ್ಲ ಕೆಲಸವನ್ನೂ ಅವಳೇ ಮಾಡುತ್ತಿದ್ದಳು. ಗಂಡನ ಮಾತ್ರೆಗಳನ್ನು ಡಬ್ಬಿಯ ಆಕಾರ ಮುಟ್ಟಿ ನೋಡಿ, ರಬ್ಬರ್ ಬ್ಯಾಂಡ್ ಸುತ್ತಿ ಬೇರೆ ಬೇರೆ ಮಾಡಿಟ್ಟುಕೊಳ್ಳುತ್ತಿದ್ದಳು. ವಾರ್ಡಿನ ನರ್ಸ್ ಸರೋಜಾ, "ಕಣ್ಣಿದ್ದವ್ರೂ ಇಷ್ಟು ಸರಿ ಮಾಡುದಿಲ್ಲ" ಎಂದು ನನ್ನ ಹತ್ತಿರ ಹೇಳಿದ್ದಳು.

ಮನೆಗೆ ಹೋಗುವ ದಿನ ದೇವಕಿ ನನ್ನ ಕಿಟಕಿಗೆ ಬಂದಳು.

"ನಂಗೆ ಕಾಗ್ದ ಕೊಟ್ರೆ ಎಂತ ಮಾಡೂದು ಸರ್? ಫೋನಿಗೆ ಕಳ್ಸಿ. ಅದು ಓದಿ ಹೇಳ್ತದೆ."

ನನಗೆ ಹೆಮ್ಮೆಯೇ ಆಯಿತು. ಇಂಥವರಿಗಾಗಿಯೇ ಮಾಡಿದ್ದಲ್ಲವೇ ಎಂದುಕೊಂಡೆ. ನಾನೇ ಕಳಿಸಿದೆ. ಅವಳು ಅಲ್ಲೇ ನಿಂತು ಫೋನನ್ನು ಕಿವಿಗೆ ಹಿಡಿದಳು. ಆ ಯಂತ್ರದ ದನಿ ಎಷ್ಟು ವೇಗವಾಗಿ ಓದುತ್ತಿತ್ತೆಂದರೆ ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಅವಳಿಗೆ ಅಭ್ಯಾಸವಿತ್ತು.

"ಆತು, ಸರಿ ಬಂತು" ಎಂದಳು. "ಡಾಕ್ಟ್ರಮ್ಮ ಕೆಂಪು ಪೆಟ್ಗೆ ನೋಡಿ ಅಂದ್ರು. ಅದೂ ಇದ್ರಲ್ಲಿ ಅದೆ ಅಲ್ದಾ?"

"ಎಲ್ಲ ಇದೆ" ಅಂದೆ.

ಹನ್ನೊಂದನೇ ದಿನ ಬೆಳಿಗ್ಗೆ ಮಂಜುನಾಥನನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ಅಂಗಿಯೆಲ್ಲ ರಕ್ತವಾಂತಿ. ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ಒಂದು ತಾಸು ಜೀವವಿತ್ತು. ಡಾಕ್ಟರ್ ಶೈಲಜಾ ಮಾಡಬೇಕಾದ್ದೆಲ್ಲ ಮಾಡಿದರು, ಉಳಿಯಲಿಲ್ಲ.

ನಾನು ಹಳೆಯ ಕಡತ ತೆಗೆದುಕೊಂಡು ಅಲ್ಲಿಗೆ ಹೋದಾಗ ದೇವಕಿ ಗೋಡೆ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅವಳ ಮಾವ ಈಶ್ವರ. ಡಾಕ್ಟರು ಅವಳನ್ನು ಕೇಳುತ್ತಿದ್ದರು.

"ನೋವಿನ ಮಾತ್ರೆ ಕೊಟ್ಟಿದ್ದೀರಾ?"

"ಕೊಟ್ಟಿದ್ದೆ. ಬೆನ್ನುನೋವು ಅಂದ. ಬೆಳಿಗ್ಗೆ ಒಂದು, ಸಾಯಂಕಾಲ ಒಂದು."

"ಯಾರು ಹೇಳಿದ್ದು ಕೊಡ್ಲಿಕ್ಕೆ?"

"ನಿಮ್ಮ ಕಾಗ್ದದಲ್ಲೇ ಇತ್ತಲ್ಲ. ಐದನೇದು, ಆರನೇದು. ಯಾವಾಗ ಕೊಡೂದು ಅಂತ ಇರ್ಲಿಲ್ಲ. ಅಂಗ್ಡಿಯವ್ರು ಅದು ನೋವಿಂದು ಅಂದ್ರು. ನೋವಾದಾಗ ಕೊಟ್ಟೆ."

ಡಾಕ್ಟರು ನನ್ನ ಕೈಯಿಂದ ಕಡತ ತೆಗೆದುಕೊಂಡು ಅಚ್ಚಾದ ಪ್ರತಿಯನ್ನು ಬಿಡಿಸಿದರು. ನಾಲ್ಕು ಮಾತ್ರೆಗಳು, ಅದರ ಕೆಳಗೆ ಕೆಂಪು ಪೆಟ್ಟಿಗೆ, ಯಾವ ಕಾರಣಕ್ಕೂ ಕೊಡಬಾರದು ಎಂಬ ಸಾಲು, ಅದರ ಕೆಳಗೆ ಎರಡು ನೋವಿನ ಮಾತ್ರೆಗಳ ಹೆಸರು. ಅಲ್ಲಿದ್ದ ಎಲ್ಲರೂ ನೋಡಿದರು. ಈಶ್ವರ ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದ. ಓದಿ ಮುಗಿಸಿ ಸೊಸೆಯ ಕಡೆ ತಿರುಗಿದ.

"ಕಣ್ ಕಾಣ್ದವ್ರ ಕೈಲಿ ಔಷಧಿ ಬಿಟ್ಟದ್ದು ನಮ್ದೇ ತಪ್ಪು" ಅಂದ.

ದೇವಕಿ ಸಣ್ಣಗೆ, ಯಾರಿಗೂ ಅಲ್ಲ ಎಂಬಂತೆ ಹೇಳಿದಳು: "ನಂಗೇ ಕೇಳಿದ್ದು ತಪ್ಪಾತೇನ."

ನಾನು ನನ್ನ ಮೇಜಿಗೆ ಹಿಂತಿರುಗಿ ಫೋನಿಗೆ ಹೋದ ಪ್ರತಿಯನ್ನು ತೆರೆದೆ. ಆಸ್ಪತ್ರೆಯ ಹೆಸರು ಇರಲಿಲ್ಲ, "ಶೀಘ್ರ ಗುಣಮುಖರಾಗಿ" ಇರಲಿಲ್ಲ. ಅವುಗಳ ಜೊತೆಗೆ ಇನ್ನೊಂದು ಸಾಲೂ ಇರಲಿಲ್ಲ. ನಾಲ್ಕರ ನಂತರ ನೇರವಾಗಿ ಐದು, ಆರು. ತಲೆಬರಹ ಹೋದದ್ದರಿಂದ ಎರಡು ಪಟ್ಟಿ ಸೇರಿ ಒಂದಾಗಿ, ಅಂಕಿಯೂ ಮುಂದುವರಿದಿತ್ತು. ಅವಳು ಕೇಳಿದ್ದು ಅಕ್ಷರಶಃ ಸರಿಯಾಗಿತ್ತು.

ಫೋನಿನ ಪ್ರತಿ, ಕಾಗದದ ಪ್ರತಿ ಎರಡನ್ನೂ ಅಚ್ಚು ಹಾಕಿದೆ. ಅವನ್ನು ಹಿಡಿದುಕೊಂಡು ನಾಯಕರ ಕೋಣೆಗೆ ಹೋದೆ. ಅವರು ಎರಡೂ ಪ್ರತಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಇದು ಇನ್ಯಾರಿಗಾದ್ರೂ ಗೊತ್ತುಂಟ?"

"ಇಲ್ಲ ಸರ್."

"ಹಾಗಾದ್ರೆ ಇಲ್ಲೇ ಇರಲಿ. ಆ ಹೆಸರು ಈಗಲೇ ಬದಲಿಸಿ. ಇನ್ನು ಮುಂದೆ ಆಗದ ಹಾಗೆ ನೋಡ್ಕೊಳ್ಳಿ. ಆಸ್ಪತ್ರೆ ಮುಚ್ಚಿದ್ರೆ ಈ ಮೂರು ತಾಲೂಕಿನ ಬಡವರು ಎಲ್ಲಿಗೆ ಹೋಗ್ಬೇಕು, ಯೋಚನೆ ಮಾಡಿ."

ಆ ಮಧ್ಯಾಹ್ನವೇ ನಾನು ಆ ಸಾಲಿನ ಸ್ಟೈಲಿಗೆ "ನಿಷೇಧ ಶೀರ್ಷಿಕೆ" ಎಂದು ಹೆಸರು ಕೊಟ್ಟೆ, ಫೋನಿನ ಪ್ರತಿಯಲ್ಲಿ ಅದು ಬರುವ ಹಾಗೆ ಮಾಡಿದೆ. ಅರ್ಧ ಗಳಿಗೆಯ ಕೆಲಸ. ಅದಕ್ಕೆ ಮೊದಲು ಅದೇ ರೀತಿ ಹೋಗಿದ್ದ ಪತ್ರಗಳನ್ನು ಒಂದೊಂದಾಗಿ ತೆಗೆದು, ಬೇರೇನೋ ನೆಪ ಹೇಳಿ, ಸರೋಜಾಳಿಂದ ಆ ಮನೆಗಳಿಗೆಲ್ಲ ಫೋನು ಮಾಡಿಸಿದೆ. ಉಳಿದವರೆಲ್ಲ ಅಚ್ಚಾದ ಕಾಗದವನ್ನೂ ಒಯ್ದಿದ್ದರು. ಮಂಕಿಯ ಆ ಮನೆಗೆ ಮಾತ್ರ ಮಾಡಿಸಲಿಲ್ಲ.

ಆಮೇಲೆ ನಾಲ್ಕು ತಿಂಗಳು ಸುಮ್ಮನಿದ್ದೆ.

ಈ ನಾಲ್ಕು ತಿಂಗಳಿಗೆ ನಾನು ಕಾರಣ ಕೊಡುವುದಿಲ್ಲ. ಕೆಲಸದ ಹೆದರಿಕೆ ಇತ್ತು, ಅಷ್ಟೇ. ದಿನವೂ ಆಸ್ಪತ್ರೆಗೆ ಹೋದೆ, ಬಂದೆ. ಊಟ ಸೇರುತ್ತಿರಲಿಲ್ಲ. ಕೊನೆಗೊಂದು ದಿನ ಸರೋಜಾ ಒಂದು ಸುದ್ದಿ ತಂದಳು. ಅವಳ ತವರು ಮಂಕಿಯ ಹತ್ತಿರ. ದೇವಕಿಯ ಆರು ವರ್ಷದ ಮಗಳು ಅನಿತಾಳನ್ನು ಅಜ್ಜ-ಅಜ್ಜಿ ತಾಯಿಯ ಹತ್ತಿರ ಬಿಡುವುದಿಲ್ಲವಂತೆ. ಗಂಡನನ್ನು ಕೊಂದವಳು ಮಗುವನ್ನೂ ಕೊಲ್ಲುತ್ತಾಳೆ ಎಂದು ಅಜ್ಜಿ ಊರೆಲ್ಲ ಹೇಳುತ್ತಾಳಂತೆ. ಅಡುಗೆಮನೆಗೆ ಪ್ರವೇಶವಿಲ್ಲ. ಮಗುವಿಗೆ ಒಂದು ಲೋಟ ನೀರು ಕೊಡುವುದಕ್ಕೂ ಬಿಡುವುದಿಲ್ಲ.

"ದೇವಕೀನೂ ಹೌದು ಅಂತ ತಲೆ ತಗ್ಗಿಸ್ಕಂಡು ಕೂತದೆ ಸರ್, ಪಾಪದ್ದು" ಎಂದಳು ಸರೋಜಾ.

ಆ ಸಂಜೆ ಮನೆಯಲ್ಲಿ ನನ್ನ ಹೆಂಡತಿ ಸಾವಿತ್ರಿ ಬಟ್ಟಲು ಸರಿಸಿಟ್ಟು ಎದುರಿಗೆ ಕೂತಳು.

"ನಿಂಗಕ್ಕೆ ಎಂತ ಆಯ್ದು? ನಾಲ್ಕು ತಿಂಗಳಾತು, ಸರಿ ಊಟ ಇಲ್ಲೆ, ಮಾತಿಲ್ಲೆ."

ಹೇಳಿದೆ. ಮೊದಲಿಂದ ಕೊನೆಯವರೆಗೆ ಹೇಳಿದೆ.

"ಕೆಲ್ಸ ಹೋಗ್ತು ಹೇಳಿ ಹೆದ್ರಿಕೆಯ?" ಎಂದು ಕೇಳಿದಳು.

"ಹೌದು."

"ಹೋದ್ರೆ ಹೋಗ್ತು. ಆ ಹೆಂಗಸು ಜೀವಮಾನ ಇಡೀ, ತಾನೇ ಕೊಂದದ್ದು ಹೇಳಿ ತಿಳ್ಕಂಡು ಬದುಕವ?"

ಮರುದಿನ ರಜೆ ಹಾಕಿದೆ. ಎರಡೂ ಪ್ರತಿಗಳನ್ನು ಚೀಲದಲ್ಲಿಟ್ಟುಕೊಂಡು ಭಟ್ಕಳದ ಬಸ್ಸು ಹತ್ತಿ ಮಂಕಿಯಲ್ಲಿ ಇಳಿದೆ. ಹೆದ್ದಾರಿಯಿಂದ ಕಡಲ ಕಡೆ ಹೋಗುವ ರಸ್ತೆಯಲ್ಲಿ ಮನೆ ಕೇಳಿಕೊಂಡು ಹೋದೆ. ಅಂಗಳದಲ್ಲಿ ಈಶ್ವರ ಬಲೆ ಹೊಲಿಯುತ್ತ ಕೂತಿದ್ದ. ಅನಿತಾ ಅಜ್ಜಿಯ ಹತ್ತಿರ ಜಗುಲಿಯ ಒಂದು ತುದಿಯಲ್ಲಿ, ದೇವಕಿ ಇನ್ನೊಂದು ತುದಿಯಲ್ಲಿ. ನಾನು ಯಾರೆಂದು ಹೇಳಿದೆ. ದೇವಕಿ ದನಿಯಿಂದಲೇ ಗುರುತು ಹಿಡಿದಳು.

"ಫೋನಿಗೆ ಕಳ್ಸಿದವ್ರು" ಎಂದಳು.

"ಆ ಪತ್ರ ನಿಮ್ಮ ಫೋನಿನಲ್ಲಿ ಈಗಲೂ ಇದೆಯಾ?" ಎಂದು ಕೇಳಿದೆ.

"ಅದೆ. ದಿನಾ ಕೇಳ್ತೆ. ಎಲ್ಲಿ ಕಿವಿ ತಪ್ತು ಅಂತ ಹುಡುಕ್ತೆ. ಕೊಡ್ಬಾರ್ದು ಅಂತ ಎಲ್ಲಿ ಹೇಳ್ತದೆ ಅಂತ. ಎಷ್ಟ್ ನಿಧಾನ ಮಾಡಿದ್ರೂ ಸಿಕ್ಕೂದಿಲ್ಲ."

ನಾನು ಚೀಲದಿಂದ ಕಾಗದ ತೆಗೆದೆನಾದರೂ ಕೈಯಲ್ಲೇ ಉಳಿಯಿತು.

"ಸಿಗುವುದಿಲ್ಲ. ಅದರಲ್ಲಿ ಆ ಸಾಲೇ ಇಲ್ಲ" ಅಂದೆ. "ಕಾಗದದಲ್ಲಿ ಇತ್ತು. ಫೋನಿಗೆ ಬರಲಿಲ್ಲ. ಅದು ಬಾರದ ಹಾಗೆ ಆದದ್ದು ನನ್ನಿಂದ. ನೀವು ಕೇಳಿದ್ದು ಸರಿ ಇತ್ತು."

ಈಶ್ವರ ಬಲೆ ಬಿಟ್ಟು ಎದ್ದ. ಫೋನನ್ನು ಗಟ್ಟಿ ದನಿಗೆ, ನಿಧಾನಕ್ಕೆ ಇಡಿಸಿ ಎಲ್ಲರೂ ಕೇಳುವ ಹಾಗೆ ಓದಿಸಿದೆ. ನಾಲ್ಕು. ಐದು. ಆರು. ಅವನು ನನ್ನ ಕೈಯ ಕಾಗದ ಕಸಿದು ಬೆರಳಿಟ್ಟು ಹೋಲಿಸಿದ. ಮತ್ತೊಮ್ಮೆ ಓದಿಸೆಂದ. ಮತ್ತೊಮ್ಮೆ ಓದಿಸಿದೆ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದೇವಕಿ ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಗೆ ಯಾವಾಗ ಗೊತ್ತಾತು?"

"ಅವತ್ತೇ."

"ನಾನು ಅಲ್ಲಿ ಗೋಡೆ ಹಿಡ್ಕಂಡು ನಿಂತಾಗ?"

"ಹೌದು."

ಅವಳು ಎದ್ದು ಒಳಗೆ ಹೋದಳು. ಈಶ್ವರ ನನ್ನನ್ನು ಹೊಡೆಯುತ್ತಾನೆಂದುಕೊಂಡೆ. ಅವನು ಹೊಡೆಯಲಿಲ್ಲ. "ಹೋಗಿ" ಅಂದ. ಕಾಗದವನ್ನು ತನ್ನ ಹತ್ತಿರವೇ ಇಟ್ಟುಕೊಂಡ.

ಅದೇ ವಾರ ಟ್ರಸ್ಟಿನ ಸಮಿತಿಗೆ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಟ್ಟೆ. ವಿಚಾರಣೆ ನಡೆಯಿತು. ಆಸ್ಪತ್ರೆ ತಪ್ಪು ಒಪ್ಪಿಕೊಂಡು ಆ ಮನೆಗೆ ಪತ್ರ ಬರೆಯಿತು. ನಾಯಕರು ಇದ್ದಲ್ಲೇ ಇದ್ದರು. ನನ್ನನ್ನು ಭಟ್ಕಳದ ಚಿಕಿತ್ಸಾಲಯಕ್ಕೆ ಹೆಸರು ನೋಂದಾಯಿಸುವ ಕೆಲಸಕ್ಕೆ ಹಾಕಿದರು. ಬೆಳಕೆಯಿಂದ, ಸುತ್ತಲಿನ ಊರುಗಳಿಂದ ಬರುವವರ ಹೆಸರು, ವಯಸ್ಸು, ಕಾಯಿಲೆ. ಮೂರು ವರ್ಷ ಅದನ್ನೇ ಮಾಡಿದೆ. ಡಾಕ್ಟರ್ ಶೈಲಜಾ ಆಸ್ಪತ್ರೆ ಬಿಡುವ ಮೊದಲು ಒಮ್ಮೆ ಸಿಕ್ಕಿದ್ದರು. "ಕಣ್ಣು ಕಾಣದವಳಿಗೆ ಕೆಂಪು ಪೆಟ್ಟಿಗೆ ನೋಡಿ ಅಂದೆ ನಾನು. ಅವಳ ಎದುರಿಗೇ ನಿಂತು ಅಂದೆ" ಎಂದರು. ಅವರು ವಿಚಾರಣೆ ನಡೆದ ವರ್ಷವೇ ಕೆಲಸ ಬಿಟ್ಟರು.

ಮಂಕಿಯಿಂದ ಸರೋಜಾ ತಂದ ಒಂದು ಮಾತನ್ನು ಇಲ್ಲಿ ಬರೆಯಬೇಕು. ನಾನು ಹೋಗಿ ಬಂದ ಕೆಲವು ದಿನಕ್ಕೆ ಅನಿತಾಳಿಗೆ ಜ್ವರ ಬಂತಂತೆ. ಈಶ್ವರ ಔಷಧಿಯ ಬಾಟಲಿ ತಂದು, ಯಾರಿಗೂ ಏನೂ ಹೇಳದೆ, ದೇವಕಿಯ ಕೈಯಲ್ಲಿ ಇಟ್ಟನಂತೆ. ಅವಳು ತೆಗೆದುಕೊಳ್ಳಲಿಲ್ಲ. ಅಜ್ಜಿ ಬಂದು ಅವಳ ಕೈ ಹಿಡಿದು ಬಾಟಲಿಯನ್ನು ಒತ್ತಿ ಕೊಟ್ಟಳಂತೆ. ದೇವಕಿ ಅವರಿಬ್ಬರ ಬಾಯಿಂದಲೂ ಅದರ ಮೇಲಿನ ಅಕ್ಷರವನ್ನು ಬೇರೆ ಬೇರೆಯಾಗಿ ಓದಿಸಿ, ಆಮೇಲೆ ಮಗುವಿಗೆ ಕುಡಿಸಿದಳಂತೆ.

ಹೊಸ ಆಡಳಿತಾಧಿಕಾರಿ ಬಂದ ಮೇಲೆ ನನ್ನನ್ನು ಕುಮಟೆಯ ದಾಖಲೆ ವಿಭಾಗಕ್ಕೆ ವಾಪಸು ಕರೆದರು. ಬಂದ ಮೊದಲ ತಿಂಗಳು ಬೇರೇನೂ ಮಾಡಲಿಲ್ಲ, ಎಲ್ಲ ನಮೂನೆಗಳ ಎಲ್ಲ ಸ್ಟೈಲುಗಳ ಹೆಸರನ್ನೂ ಬದಲಿಸಿದೆ. ಕೆಂಪು, ದಪ್ಪ, ಪೆಟ್ಟಿಗೆ, ಅಲಂಕಾರ ಎಂಬ ಒಂದು ಹೆಸರನ್ನೂ ಉಳಿಸಲಿಲ್ಲ. ಪ್ಯಾರಾ ಹೇಗೆ ಕಾಣುತ್ತದೆ ಎಂಬುದು ಅದರ ಹೆಸರಲ್ಲ. ಅದು ಅಲ್ಲಿ ಯಾವ ಕೆಲಸಕ್ಕೆ ನಿಂತಿದೆ ಎಂಬುದು ಹೆಸರು. "ಮುಖ್ಯ ಶೀರ್ಷಿಕೆ". "ಮಾತ್ರೆ ಪಟ್ಟಿ, ಕೊಡುವುದು". "ಮಾತ್ರೆ ಪಟ್ಟಿ, ಕೊಡಬಾರದ್ದು". "ಎಚ್ಚರಿಕೆ". ನಾಳೆ ಬೇರೆ ಯಾರೋ ಬಂದು, ಪತ್ರವನ್ನೇ ನೋಡದೆ ಬರೀ ಪಟ್ಟಿ ನೋಡಿ ತೀರ್ಮಾನ ಮಾಡುತ್ತಾರೆ. ಖಂಡಿತ ಮಾಡುತ್ತಾರೆ, ಏಕೆಂದರೆ ನಾನೇ ಮಾಡಿದ್ದೆ. ಆಗ ಆ ಹೆಸರು ಒಂದೇ ಅವರನ್ನು ತಡೆಯಬೇಕು. ತಲೆಬರಹವೊಂದು ಹೋದರೂ ಅಪಾಯವಾಗದ ಹಾಗೆ ಕೊಡಬಾರದ ಪ್ರತಿ ಮಾತ್ರೆಯ ಸಾಲಿನಲ್ಲೂ "ಕೊಡಬಾರದು" ಎಂದು ಮತ್ತೆ ಬರೆಸಿದೆ. ನೋಡಲು ಚಂದವಿಲ್ಲ ಎಂದು ಆಕ್ಷೇಪ ಬಂತು. ಇರಲಿ ಅಂದೆ.

ಇದನ್ನೆಲ್ಲ ಮಾಡಿ ಮುಗಿಸಿದ ಮೇಲೆ ಒಂದು ದಿನ ಫೋನು ಬಂತು.

"ನಾನು ದೇವಕಿ. ಹೊಸ ಕಾಗ್ದ ಮಾಡಿದ್ರಂತೆ. ಸರೋಜಕ್ಕ ಹೇಳ್ತು. ಜನ್ರಿಗೆ ಕಳ್ಸೂಕಿಂತ ಮೊದ್ಲು ನಂಗೆ ಕೇಳ್ಸಿ."

ಅಲ್ಲಿಂದ ನಿವೃತ್ತನಾಗುವವರೆಗೆ ಪ್ರತಿ ಹೊಸ ನಮೂನೆಯನ್ನೂ ಹಿಡಿದುಕೊಂಡು ಮಂಕಿಗೆ ಹೋದೆ. ಅವಳು ಆಸ್ಪತ್ರೆಗೆ ಬರುತ್ತಿರಲಿಲ್ಲ. ಜಗುಲಿಯಲ್ಲಿ ಕೂತು ಕೇಳುತ್ತಿದ್ದಳು. ಮೊದಲು ಶೀರ್ಷಿಕೆಗಳನ್ನು ಮಾತ್ರ, ಆಮೇಲೆ ಪೂರ್ತಿ. ಎಷ್ಟೋ ತಪ್ಪು ಹಿಡಿದಳು. ಬರಿ ಜಾಗ ಬಿಡಲೆಂದು ನಾನು ಒತ್ತಿದ್ದ ಖಾಲಿ ಸಾಲುಗಳಿಗೆ ಶೀರ್ಷಿಕೆಯ ಹೆಸರು ಅಂಟಿಕೊಂಡು, ಅವಳ ಫೋನು "ಶೀರ್ಷಿಕೆ, ಶೀರ್ಷಿಕೆ" ಎಂದು ಏನನ್ನೂ ಓದದೆ ಮುಂದೆ ಹೋಗುತ್ತಿತ್ತು. "ಇಲ್ಲಿ ಎಂತ ಇತ್ತು? ಎಂತದೋ ಹೋಯ್ತಾ?" ಎಂದು ಗಾಬರಿಯಾಗಿ ಕೇಳಿದ್ದಳು. ಖಾಲಿ ಸಾಲಿಗೂ ಒಬ್ಬರು ಹೆದರಬಹುದು ಎಂದು ನನಗೆ ಅಂದು ತಿಳಿಯಿತು.

ಅವಳು ನನ್ನನ್ನು ಕ್ಷಮಿಸಲಿಲ್ಲ. ನಾನು ಕೇಳಲೂ ಇಲ್ಲ. ಅಷ್ಟು ವರ್ಷದಲ್ಲಿ ಆ ಮನೆಯಲ್ಲಿ ನನಗೆ ಕುಡಿಯಲು ನೀರು ಕೊಟ್ಟದ್ದು ಈಶ್ವರ, ಒಮ್ಮೆಯೂ ದೇವಕಿಯಲ್ಲ. ಕೆಲಸ ಮುಗಿದ ಕೂಡಲೇ "ಆತು" ಎಂದು ಎದ್ದು ಹೋಗುತ್ತಿದ್ದಳು.

ಕೊನೆಯ ಸಲ ಹೋದಾಗ ನಿವೃತ್ತನಾಗುತ್ತಿದ್ದೇನೆ ಎಂದು ಹೇಳಿದೆ.

"ನಿಮ್ಮ ಬದ್ಲಿಗೆ ಯಾರು ಬತ್ರು?"

"ಇನ್ನೂ ಯಾರನ್ನೂ ಹಾಕಿಲ್ಲ."

ಅವಳು ಫೋನನ್ನು ಮಡಿಲಲ್ಲಿಟ್ಟಳು.

"ಹಂಗಾರೆ ಬರ್ದಿಡಿ. ಎಂತ ಆತು ಅಂತ ಪೂರಾ ಬರ್ದಿಡಿ. ಬರ್ದು ಮೊದ್ಲು ನಂಗೆ ಕಳ್ಸಿ."

ಇದನ್ನು ಬರೆದು ಮುಗಿಸಿ, ಪ್ಯಾರಾಗಳಿಗೆಲ್ಲ ಸರಿಯಾದ ಹೆಸರು ಕೊಟ್ಟು, ಮೊದಲು ಅವಳಿಗೇ ಕಳಿಸಿದೆ. ಎರಡು ದಿನ ಬಿಟ್ಟು ಫೋನು ಮಾಡಿದಳು. ಎಲ್ಲ ಸರಿ ಓದುತ್ತದೆ, ಒಂದು ಕಡೆ ತಿದ್ದಬೇಕು ಎಂದಳು. ಯಾವುದೋ ಶೀರ್ಷಿಕೆ ತಪ್ಪಿರಬೇಕೆಂದು ಕಾಗದ ಪೆನ್ನು ತೆಗೆದುಕೊಂಡೆ.

"'ಆಮೇಲೆ ಕೆಲವು ದಿನ ಸುಮ್ಮನಿದ್ದೆ' ಅಂತ ಬರ್ದೀರಿ" ಎಂದಳು. "ಕೆಲವು ದಿನ ಅಲ್ಲ. ನಾಲ್ಕು ತಿಂಗ್ಳು."

ತಿದ್ದಿದ್ದೇನೆ.